ನಲವತ್ತೆರಡು ಹಾರಾಟಗಳ ಪುಸ್ತಕ

"ಬೈಂಡರಣ್ಣ, ಪುಸ್ತಕ ಇಲ್ಲ! ಕಪಾಟಿನ ಬೀಗ ಹಾಕಿದ ಹಾಗೇ ಇದೆ, ಒಳಗೆ ಪುಸ್ತಕ ಮಾತ್ರ ಇಲ್ಲ!"

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ರಾಕೆಟ್ ಮೇಡಂ ಏದುಸಿರು ಬಿಡುತ್ತಾ ನನ್ನ ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಯಾವ ಪುಸ್ತಕ ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಅವರು ಎರಡು ವರ್ಷಗಳಿಂದ ಭಾನುವಾರದ ತರಗತಿ ನಡೆಸುತ್ತಿದ್ದರು. ಮೊದಲು ಚಂದ್ರ, ಕಕ್ಷೆ, ರಾಕೆಟ್ ಎಂದು ಓದು. ಆಮೇಲೆ ಹಿಂದಿನ ಮೈದಾನದಲ್ಲಿ ಪ್ರಯೋಗ. ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿಸಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಹಾರಿಸುವುದು. ಎಷ್ಟು ನೀರು, ಎಷ್ಟು ಸಲ ಪಂಪು, ಎಷ್ಟು ಎತ್ತರ ಎಂದು ಮಕ್ಕಳೇ ಬರೆದಿಟ್ಟಿದ್ದರು. ಒಟ್ಟು ನಲವತ್ತೆರಡು ಹಾರಾಟ. ಹಿಂದಿನ ಸಂಜೆಯಷ್ಟೇ ನಾನು ಆ ನೋಟ್‌ಬುಕ್ಕಿಗೆ ರಟ್ಟು ಕಟ್ಟಿ, ನೀಲಿ ಬಟ್ಟೆ ಹೊದಿಸಿ, ಮಕ್ಕಳ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ.

ಹನ್ನೊಂದಕ್ಕೆ ಸಭಾಂಗಣದಲ್ಲಿ ಕಾರ್ಯಕ್ರಮ. ನಿವೃತ್ತ ಪ್ರೊಫೆಸರೊಬ್ಬರು ಮಕ್ಕಳಿಗಾಗಿ ಬರೆದ ರಾಕೆಟ್ ಪುಸ್ತಕದ ಬಿಡುಗಡೆ. ಅದಕ್ಕೂ ಮೊದಲು 'ಗಿಣಿ' ಎಂದೇ ಎಲ್ಲರೂ ಕರೆಯುವ ಹತ್ತು ವರ್ಷದ ಮಾತಿನಮಲ್ಲಿ ಮಕ್ಕಳ ಪ್ರಯೋಗಗಳನ್ನು ಓದಬೇಕಿತ್ತು. ಗ್ರಂಥಾಲಯದ ಅಧ್ಯಕ್ಷರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: "ಮಕ್ಕಳು ನೀರಾಟ ಆಡ್ತಿದಾರೋ, ಕಲೀತಿದಾರೋ ತೋರಿಸಿ. ಇಲ್ಲದಿದ್ರೆ ಆ ಕೋಣೆ ಪೇಪರ್ ಓದೋರಿಗೆ ಬಿಟ್ಟುಬಿಡಿ."

"ಗಾಬರಿಯಾಗಬೇಡಿ, ಕರಡಕ್ಕನ್ನ ಕರೀತೀನಿ" ಎಂದೆ.

ಕರಡಕ್ಕ ಗ್ರಂಥಾಲಯದ ಮಹಡಿ ಕೋಣೆಯಲ್ಲೇ ವಾಸವಿದ್ದವರು. ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ಆ ಹೆಸರು ಅಂಟಿತ್ತು. ಮಕ್ಕಳ ಬಾಯಲ್ಲಿ ಅದು ಕರಡಿಯಕ್ಕ ಆಗಿತ್ತು. ಅವರು ಕೇಳಿಸಿಯೂ ಕೇಳಿಸದ ಹಾಗೆ ಇರುತ್ತಿದ್ದರು. ಆ ಬೀದಿಯಲ್ಲಿ ಏನೇ ಕಳೆದರೂ ಜನ ಮೊದಲು ಹತ್ತುತ್ತಿದ್ದುದು ಅವರ ಮೆಟ್ಟಿಲನ್ನೇ.

ಕಪಾಟಿನ ಮುಂದೆ ನಿಂತು ಅವರು ಕನ್ನಡಕ ಒರೆಸಿಕೊಂಡರು. ಬೀಗ ಭದ್ರವಾಗಿತ್ತು. ಕೀಲಿ ನನ್ನ ಕೋಣೆಯ ಮೊಳೆಯಲ್ಲಿ ತೂಗುವುದು ಊರಿಗೇ ಗೊತ್ತು. ಒಳಗೆ ಹಾರಾಟಗಳ ಪುಸ್ತಕ ಇದ್ದ ಜಾಗ ಖಾಲಿ ಇರಲಿಲ್ಲ. ಅಲ್ಲಿ ಪ್ರೊಫೆಸರರ ಹೊಸ ಪುಸ್ತಕದ ಒಂದು ಪ್ರತಿ ನಿಂತಿತ್ತು.

"ಜಾಗ ಖಾಲಿ ಕಾಣಬಾರದು ಅಂತ ಇಟ್ಟಿದಾರೆ" ಎಂದು ಕರಡಕ್ಕ ಅದನ್ನು ತೆಗೆದರು. ಕೆಳಗೆ ಹಾಸಿದ್ದ ಕಾಗದದ ಮೇಲೆ ಉದ್ದಕ್ಕೆ ಎಳೆದಂತೆ ನೀಲಿ ಬಣ್ಣ ಬೆರೆತ ಅಂಟಿನ ಗೆರೆ. "ತಮ್ಮಾ, ಇದು ನಿನ್ನ ಕಸುಬಿನ ವಿಷಯ. ಏನು ಹೇಳುತ್ತೆ ಇದು?"

"ನಿನ್ನೆ ಐದಕ್ಕೆ ಇಟ್ಟಾಗ ಅಂಟು ಇನ್ನೂ ಹಸಿ ಇತ್ತಕ್ಕ. ಒಣಗೋಕೆ ಎರಡು ಗಂಟೆ ಬೇಕು. ಒಣಗಿದ ಮೇಲೆ ಎತ್ತಿದ್ದರೆ ಈ ಕಾಗದ ಹರಿದು ಬರಬೇಕಿತ್ತು. ಇಲ್ಲಿ ಬರೀ ಸವರಿದೆ."

"ಅಂದ್ರೆ ನಿನ್ನೆ ಏಳರೊಳಗೇ ಹೋಗಿದೆ. ಆಗ ಇಲ್ಲಿ ಯಾರಿದ್ರು?"

ಜವಾನ ನಾಲ್ಕಕ್ಕೇ ಹೆಂಡತಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ. ಏಳಕ್ಕೆ ಬಾಗಿಲು ಹಾಕಿದ್ದು ನಾನು. ಉಳಿದವರು ಮೇಡಂ, ಪ್ರೊಫೆಸರ್, ಮತ್ತು ಅವರ ಪುಸ್ತಕಕ್ಕೆ ಚಿತ್ರ ಬರೆದ ಮಗಳು. ಸಭಾಂಗಣದಲ್ಲಿ ಏಣಿ ಹತ್ತಿ ಚಂದ್ರ, ಗ್ರಹಗಳ ಚಿತ್ರಗಳನ್ನೆಲ್ಲ ತೂಗುಹಾಕಿದ್ದು ಆಕೆಯೇ.

"ನೀನು ರಟ್ಟು ಕಟ್ಟೋವಾಗ ಯಾರಾದ್ರೂ ಪುಟ ತಿರುವಿ ನೋಡಿದ್ರಾ?"

"ಆ ಮಗಳು ನೋಡಿದ್ರು. ಚೆನ್ನಾಗಿ ಮಾತಾಡ್ತಾ ಇದ್ದೋರು ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರು. ಪ್ರೊಫೆಸರ್‌ಗೂ ತೋರಿಸೋಕೆ ಹೋದೆ. 'ನಾಳೆ ಗಿಣಿ ಬಾಯಿಂದಲೇ ಕೇಳ್ತೀನಿ, ಈಗಲೇ ಹೇಳಿ ರುಚಿ ಕೆಡಿಸಬೇಡಪ್ಪ' ಅಂದ್ರು."

ಕರಡಕ್ಕ ಹೊಸ ಪುಸ್ತಕವನ್ನು ತಿರುವುತ್ತಾ ಇಪ್ಪತ್ತಮೂರನೇ ಪುಟದಲ್ಲಿ ನಿಂತುಬಿಟ್ಟರು. ಕುತ್ತಿಗೆಯವರೆಗೆ ನೀರು ತುಂಬಿದ ಬಾಟಲಿಯ ಚಂದದ ಚಿತ್ರ. ಅದರಡಿ ಒಂದು ಸಾಲು: 'ನೀರು ಹೆಚ್ಚಿದಷ್ಟೂ ರಾಕೆಟ್ ಎತ್ತರಕ್ಕೆ ಹಾರುತ್ತದೆ.'

"ಮೇಡಂ, ನಿಮ್ಮ ಮಕ್ಕಳ ರಾಕೆಟ್ ಎಷ್ಟು ನೀರಿಗೆ ಎತ್ತರ ಹೋಯ್ತು?"

"ಮೂರರಲ್ಲಿ ಒಂದು ಪಾಲಿಗೆ. ಜಾಸ್ತಿ ಹಾಕಿದ್ರೆ ಗಿಡದಷ್ಟೂ ಏರಲ್ಲ."

ಕರಡಕ್ಕ ಪುಸ್ತಕ ಮುಚ್ಚಿದರು. ಜವಾನನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಅಚ್ಚುಕೂಟದಿಂದ ಬಂದ ಹೊಸ ಪುಸ್ತಕದ ಕಟ್ಟು ಎಲ್ಲಿ?"

"ಬೆಳಗ್ಗೆ ಎಂಟಕ್ಕೆ ಬಂತಮ್ಮ. ದಾರ ಕೂಡ ಬಿಚ್ಚಿಲ್ಲ, ಹಾಗೇ ಇದೆ."

"ಹಾಗೇ ಇರಲಿ" ಎಂದು ಅವರು ಸಭಾಂಗಣಕ್ಕೆ ಹೋಗಿ ಗೋಡೆಗಳ ಉದ್ದಕ್ಕೂ ನಿಧಾನವಾಗಿ ಒಂದು ಸುತ್ತು ಬಂದರು. ದೊಡ್ಡ ಚಂದ್ರನ ಚಿತ್ರದ ಬಳಿ ತಲೆ ಓರೆ ಮಾಡಿ ನಿಂತರು. ಬೇರೆ ಚಿತ್ರಗಳೆಲ್ಲ ಗೋಡೆಗೆ ಅಂಟಿಕೊಂಡಿದ್ದವು. ಚಂದ್ರ ಮಾತ್ರ ಎರಡು ಬೆರಳು ಮುಂದಿದ್ದ.

ಹನ್ನೊಂದಕ್ಕೆ ಜನ ಸೇರಿದರು. ವಿಷಯ ಅಧ್ಯಕ್ಷರ ಕಿವಿಗೆ ಬಿದ್ದಿತ್ತು. "ಕಟ್ಟಡದ ಹೊಣೆ ನಿಂದು, ಪುಸ್ತಕ ಎಲ್ಲಿ ಹೇಳು" ಎಂದು ಅವರು ಜವಾನನ ಮೇಲೆ ಎಗರಿದರು. ಆಮೇಲೆ ಮೇಡಂ ಕಡೆ ತಿರುಗಿ, "ಅಥವಾ ಅದರಲ್ಲಿ ತೋರಿಸುವಂಥದ್ದು ಏನೂ ಇರಲೇ ಇಲ್ಲವೋ?" ಎಂದರು. ಗಿಣಿ ಮೇಡಂನ ಸೆರಗು ಹಿಡಿದು ನಿಂತಿದ್ದಳು. ಆ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

"ಐದು ನಿಮಿಷ ಕೊಡಿ" ಎಂದು ಕರಡಕ್ಕ ಎದ್ದರು. "ಪುಸ್ತಕ ಕದ್ದಿದ್ದು ನಿನ್ನೆ ಸಂಜೆ, ಅಂಟು ಹಸಿ ಇದ್ದಾಗ. ಆಗ ಜವಾನ ಇಲ್ಲಿರಲೇ ಇಲ್ಲ, ಅವನನ್ನ ಬಿಟ್ಟುಬಿಡಿ. ಅದರ ಜಾಗದಲ್ಲಿ ಈ ಹೊಸ ಪುಸ್ತಕ ಇತ್ತು. ಇವತ್ತು ಬಂದ ಕಟ್ಟಿನ ದಾರ ಇನ್ನೂ ಬಿಚ್ಚಿಲ್ಲ. ಹಾಗಾದ್ರೆ ಇದು ಎಲ್ಲಿಂದ ಬಂತು? ಪ್ರೊಫೆಸರೇ, ನಿಮಗೆ ಮುಂಚೆ ಎಷ್ಟು ಪ್ರತಿ ಕೊಟ್ಟಿದ್ರು?"

"ಎರಡೇ. ಒಂದು ಇಲ್ಲಿದೆ" ಎಂದು ಪ್ರೊಫೆಸರ್ ಕಂಕುಳಿಂದ ತಮ್ಮ ಪ್ರತಿ ತೆಗೆದು ತೋರಿಸಿದರು. "ಇನ್ನೊಂದು ಮಗಳ ಹತ್ರ…"

ಎಲ್ಲರ ಕಣ್ಣೂ ಆಕೆಯತ್ತ ತಿರುಗಿದವು.

"ಇನ್ನೂ ಒಂದು ಮಾತಿದೆ" ಎಂದರು ಕರಡಕ್ಕ. ಅವರ ದನಿ ಈಗ ಮೆತ್ತಗಾಗಿತ್ತು. "ಮಕ್ಕಳು ಬರೆದಿದ್ದಕ್ಕೂ ಇಪ್ಪತ್ತಮೂರನೇ ಪುಟಕ್ಕೂ ತಾಳೆ ಆಗಲ್ಲ. ಅದು ಗೊತ್ತಾಗಬೇಕಾದ್ರೆ ಎರಡನ್ನೂ ಓದಿರಬೇಕು. ಮೇಡಂ ಹೊಸ ಪುಸ್ತಕ ಓದಿಲ್ಲ, ಪ್ರೊಫೆಸರ್ ಮಕ್ಕಳದ್ದು ಓದಿಲ್ಲ. ಎರಡನ್ನೂ ಓದಿದೋರು ಒಬ್ಬರೇ. ಪುಸ್ತಕ ದೂರ ಹೋಗಿಲ್ಲ. ಆ ಚಂದ್ರನ್ನ ಕೆಳಗಿಳಿಸು ತಮ್ಮಾ."

ನಾನು ಏಣಿ ಹತ್ತಿ ಚಿತ್ರ ಇಳಿಸಿದೆ. ಅದರ ಹಿಂಬದಿಯ ಚೌಕಟ್ಟಿಗೆ ಸಿಕ್ಕಿಸಿದ್ದ ನೀಲಿ ಪುಸ್ತಕ ನನ್ನ ಕೈಗೇ ಬಂತು.

ಮಗಳು ಮುಖ ಮುಚ್ಚಿಕೊಂಡರು. "ಸಂಜೆಗೆ ಅಲ್ಲೇ ವಾಪಸ್ ಇಡ್ತಿದ್ದೆ, ಆಣೆಗೂ. ಅಪ್ಪ, ನಾಲ್ಕು ವರ್ಷ ಕಷ್ಟಪಟ್ಟು ಬರೆದಿದೀರಿ. ತುಂಬಿದ ಸಭೇಲಿ ಒಂದು ಮಗು ಎದ್ದು ನಿಂತು ತಪ್ಪು ಅಂತ ಓದೋದನ್ನ ನಿಮಗೆ ಕೇಳಿಸೋಕೆ ನನ್ನ ಕೈಲಿ ಆಗಲಿಲ್ಲ."

ಪ್ರೊಫೆಸರ್ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮೊದಲ ಹಾರಾಟದಿಂದ ಕೊನೆಯದರವರೆಗೆ ಒಂದೊಂದಾಗಿ ಓದಿದರು. ಆಮೇಲೆ ತಲೆ ಎತ್ತಿ, "ನಾನು ಬರೆದೆ, ಹಾರಿಸಿ ನೋಡಲಿಲ್ಲ" ಎಂದರು. "ಇವರು ಹಾರಿಸಿ ನೋಡಿ ಬರೆದಿದಾರೆ. ಮೊದಲು ಆ ಜವಾನನ್ನ, ಮೇಡಂನ್ನ ಕ್ಷಮೆ ಕೇಳು ಮಗಳೇ. ಆಮೇಲೆ ಎಲ್ಲರೂ ಮೈದಾನಕ್ಕೆ ನಡೀರಿ."

ಆಕೆ ಇಬ್ಬರ ಮುಂದೆಯೂ ಕೈಮುಗಿದರು. ಗಿಣಿಯ ಮುಂದೆ ಬಂದಾಗ ಅವಳಿಗೆ ಬಾಯಿ ಬಂತು. "ನಂಗೆ ಮೊದ್ಲೇ ಹೇಳಿದ್ರೆ ಆ ಸಾಲು ಮೆಲ್ಲಗೆ ಓದ್ತಿದ್ದೆ ಆಂಟಿ!" ಸಭೆ ಗೊಳ್ಳೆಂದಿತು.

ಮೈದಾನದಲ್ಲಿ ಎರಡು ಬಾಟಲಿ ನಿಲ್ಲಿಸಿದರು. ಕುತ್ತಿಗೆಯವರೆಗೆ ತುಂಬಿದ್ದು ಮುಗ್ಗರಿಸುತ್ತಾ ಮೇಲೆದ್ದು ಅಧ್ಯಕ್ಷರ ಕಾಲ ಬಳಿಯೇ ಬಿತ್ತು. ಮೂರರಲ್ಲಿ ಒಂದು ಪಾಲಿನದು ಸುಯ್ಯೆಂದು ಗ್ರಂಥಾಲಯದ ಚಾವಣಿಯನ್ನೂ ದಾಟಿತು. ಒದ್ದೆಯಾದ ಪಂಚೆಯ ಪರಿವೆಯೇ ಇಲ್ಲದೆ ಅಧ್ಯಕ್ಷರು, "ಇನ್ನೊಂದ್ಸಲ! ಪಂಪು ನಾನು ಹೊಡೀತೀನಿ" ಎಂದು ತೋಳು ಮಡಚಿದರು. ಕೋಣೆ ಬಿಟ್ಟುಕೊಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಪ್ರೊಫೆಸರ್ ಗಿಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ನೀರು ಕಮ್ಮಿ ಇದ್ರೂ ಯಾಕಮ್ಮ ಜಾಸ್ತಿ ಏರಿತು?"

"ಗಾಳಿಗೂ ಜಾಗ ಬೇಕಲ್ವಾ ತಾತ? ನೀರನ್ನ ಹೊರಗೆ ತಳ್ಳೋದು ಅದೇ ತಾನೆ."

ಅವರು ಆ ಮಾತನ್ನು ಇಪ್ಪತ್ತಮೂರನೇ ಪುಟದ ಅಂಚಿನಲ್ಲಿ ಅಕ್ಷರ ಬಿಡದೆ ಬರೆದುಕೊಂಡರು. ತಪ್ಪು ಸರಿಪಡಿಸಿದ ತಿದ್ದೋಲೆ ಅಂಟಿಸುವ ತನಕ ಪುಸ್ತಕದ ಕಟ್ಟು ಬಿಚ್ಚಬಾರದೆಂದು ಜವಾನನಿಗೆ ಹೇಳಿದರು. ಮಗಳು ಕಣ್ಣೊರೆಸಿಕೊಂಡು ಒದ್ದೆ ಹುಲ್ಲಿನ ಮೇಲೆಯೇ ಕೂತು, ಚಿತ್ರದ ಹಾಳೆ ತೊಡೆಯ ಮೇಲಿಟ್ಟು ಪೆನ್ಸಿಲ್ ತೆಗೆದರು.

"ಬಾಟಲಿ ಬೆಳಕಿಗೆ ಹಿಡಿ ಗಿಣಿ. ನೀರು ಎಲ್ಲಿಗಿರಬೇಕು, ತೋರಿಸು."

ಗಿಣಿ ಬಾಟಲಿಯ ಮೇಲೆ ಬೆರಳಿಟ್ಟಳು.