ಶ್ರಾವಣ ಸೋಮವಾರದ ಕಡವೆ

ಮಂಗಳವಾರ ಬೆಳಿಗ್ಗೆ ಖಾನಾಪುರದ ಮಟನ್ ಮಾರ್ಕೆಟ್ಟಿನಲ್ಲಿ ಓಣಿ ಗುಡಿಸುತ್ತಿದ್ದ ಭರಮವ್ವ ಕಸಬರಿಗೆ ಎಸೆದು ಕೂಗಿಕೊಂಡಳು. ಗೌಸಸಾಬನ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಎಳೆಯ ಹೆಣ್ಣು ಕಡವೆಯೊಂದು ಸತ್ತು ಬಿದ್ದಿತ್ತು. ಕುತ್ತಿಗೆ ಕೊಯ್ದಿತ್ತು. ಕಣ್ಣು ಮಾತ್ರ ಇನ್ನೂ ಕಾಡನ್ನೇ ನೋಡುತ್ತಿರುವ ಹಾಗಿತ್ತು.

ಅರಣ್ಯ ಇಲಾಖೆಯ ರೇಂಜರ್ ಈರಣ್ಣ ಜೀಪಿನಲ್ಲಿ ಬಂದಿಳಿದ. ಅವನದೊಂದು ಫಜೀತಿಯನ್ನು ಮೊದಲೇ ಹೇಳಿಬಿಡಬೇಕು. ಕಾಡುಪ್ರಾಣಿಗಳನ್ನು ಕಾಯುವುದು ಅವನ ನೌಕರಿ. ಆದರೆ ರಕ್ತಮಾಂಸ ಅವನಿಂದ ನೋಡಲಾಗುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ತತ್ತಿಯ ಹೆಸರೂ ಎತ್ತದ ಹೆಂಡತಿ ಗೌರವ್ವ. ಮೂಗಿಗೆ ಟವೆಲ್ ಹಿಡಿದು, ಮುಖ ಆಚೆ ತಿರುಗಿಸಿ, ಗಾರ್ಡಿನ ಕೈಯಿಂದಲೇ ಪಂಚನಾಮೆ ಬರೆಸಿದ.

ಕಾಲಗೊರಸಿನಲ್ಲಿ ಕಬ್ಬಿನ ಒಣಗರಿಯ ರವದಿ ಸಿಕ್ಕಿಕೊಂಡಿದೆ. ಹಣೆಯ ಮೇಲೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ. ಗಾರ್ಡು ಹೇಳುತ್ತ ಹೋದ, ಬರೆಯುತ್ತ ಹೋದ.

"ಒಲಿ ಬೂದಿ ಇರಬೇಕು. ಮುಂದ ಬರಿ," ಅಂದ ಈರಣ್ಣ.

ಗೌಸಸಾಬ ಓಡಿಬಂದ. ಲುಂಗಿಯ ಮೇಲೆ ಬನಿಯನ್ನು, ಕಾಲಲ್ಲಿ ಒಂದೇ ಚಪ್ಪಲಿ.

"ಈರ್ಯಾ, ಇದು ನನ್ನ ಕೈ ಅಲ್ಲೋ! ನಿನ್ನೆ ಶ್ರಾವಣ ಸೋಮವಾರ, ಅಂಗಡಿ ತಗದೇ ಇಲ್ಲ. ಒಮ್ಮೆ ಸರಿಯಾಗಿ ನೋಡರ ನೋಡು."

"ಎಲ್ಲಾ ನೋಡೇನಿ."

"ಏನ್ ನೋಡೀ? ಮಾರಿ ಅತ್ತಾಗ ಮಾಡಿ ನಿಂತೀ."

ಓಣಿ ತುಂಬ ಜನ ಸೇರಿದ್ದರು. ಗೌಸ್ಯಾ ಎಷ್ಟು ದಿನದಿಂದ ಇದನ್ನೇ ಮಾರುತ್ತಿದ್ದಾನೋ ಅಂದವರೂ ಇದ್ದರು. ಅವರೆಲ್ಲ ನಿನ್ನೆಯವರೆಗೆ ಅವನ ಗಿರಾಕಿಗಳೇ. ಗೌಸಸಾಬ ಅವರ ಕಡೆ ನೋಡಿ ತಲೆ ತಗ್ಗಿಸಿದ್ದು ಈರಣ್ಣನಿಗೆ ಸಹಿಸಲಾಗಲಿಲ್ಲ. ಇಬ್ಬರೂ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು, ಒಂದೇ ಮಾಸ್ತರ ಕೈಯಲ್ಲಿ ಹೊಡೆಸಿಕೊಂಡವರು.

ಆದರೆ ಎಪ್ಪತ್ತೆರಡರ ವನ್ಯಜೀವಿ ಕಾಯ್ದೆ ಅಂಥ ನೆಂಟಸ್ತಿಕೆ ಕೇಳುವುದಿಲ್ಲ. ಕಡವೆಯನ್ನು ಕೊಲ್ಲುವುದು ಅಪರಾಧ. ಅದು ಯಾರ ಜಾಗದಲ್ಲಿ ಸಿಕ್ಕಿತೋ ಮೊದಲು ಅವನೇ ಉತ್ತರ ಹೇಳಬೇಕು.

"ಜೀಪ್ ಹತ್ತು ಗೌಸ್ಯಾ. ನಾಳೆ ಕೋರ್ಟಿಗೆ ಹಾಜರ ಮಾಡಬೇಕು."

"ಆಮ್ಯಾಲೆ ಹಿಂಡಲಗಾ ಜೇಲ್ ಏನು?"

ಈರಣ್ಣ ಬಿದ್ದಿದ್ದ ಇನ್ನೊಂದು ಚಪ್ಪಲಿ ಹುಡುಕಿ ತಂದುಕೊಟ್ಟ.

* * *

ಮೊದಲ ಅನುಮಾನ ಬಿದ್ದದ್ದು ಬಾಜು ಅಂಗಡಿಯ ಬುರಾನುದ್ದೀನನ ಮೇಲೆ. ನೀರಿನ ನಳದ ಸಲುವಾಗಿ ಗೌಸಸಾಬನಿಗೂ ಅವನಿಗೂ ಹೋದ ವಾರವಷ್ಟೇ ಕೈ ಕೈ ಹತ್ತಿತ್ತು. ಸೋಮವಾರ ಎಲ್ಲಿದ್ದೆ ಎಂದರೆ ಮಲಗಿದ್ದೆ ಎನ್ನುತ್ತಾನೆ. ನೋಡಿದವರು ಯಾರೂ ಇಲ್ಲ.

"ಜಗಳಾಡೀನಿ, ಖರೇ ಐತ್ರಿ ಸಾಹೇಬ್ರ. ಆದ್ರ ನಾ ಬೈಯೂದು ಮಾರಿ ಮುಂದ. ಹಿಂದಿನ ಬಾಗಲಾಗ ಹೆಣಾ ಒಗದು ಹೋಗೂ ಮಂದಿ ಅಲ್ಲ ನಾವು."

ಈರಣ್ಣ ನಂಬಲಿಲ್ಲ. ನಂಬಲು ಮನಸ್ಸೂ ಇರಲಿಲ್ಲ. ಕಳ್ಳ ಇವನೇ ಆಗಿಬಿಟ್ಟರೆ ಗೌಸ್ಯಾ ಸಂಜೆಗೆ ಮನೆ ಸೇರುತ್ತಾನಲ್ಲ!

ಕಚೇರಿಗೆ ಮರಳಿದಾಗ ಜಗಲಿಯ ಮೇಲೆ ದುಂಡಪ್ಪಮಾಮಾ ಕೂತಿದ್ದ. ಈರಣ್ಣನ ತಾಯಿಯ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಈರಣ್ಣನನ್ನು ಸಾಕಿ, ಸಾಲೆ ಕಲಿಸಿ, ನೌಕರಿಗೆ ಹಚ್ಚಿದವನು. ಮಲಪ್ರಭೆಯ ದಂಡೆಗೆ ಅವನ ಕಬ್ಬಿನ ಹೊಲ. ಗಾಣ ಹೂಡಿದ ದಿನ ಈರ್ಯಾ, ಗೌಸ್ಯಾ ಇಬ್ಬರಿಗೂ ಹೊಟ್ಟೆ ಬಿರಿಯುವಷ್ಟು ಕಬ್ಬಿನ ಹಾಲು ಕುಡಿಸುತ್ತಿದ್ದ. ಶಿವರಾತ್ರಿಗೆ ತಾನೇ ವಿಭೂತಿ ಸುಟ್ಟು ಬೀಗರ ಮನೆಗಳಿಗೆ ಹಂಚುವ ಭಕ್ತ. ಚಹಾದ ಮೇಲೆ ಅವನಿಗೆ ಜೀವ.

"ಚಹಾ ತರಸ್ತೀನಿ ತಡಿ ಮಾಮಾ."

"ಒಲ್ಲೆಪಾ." ಮಾಮಾ ರುಮಾಲು ತೆಗೆದ, ಮತ್ತೆ ಸುತ್ತಿದ. "ಗೌಸ್ಯಾನ್ನ ಬಿಡಾಕ ಬರಂಗಿಲ್ಲೇನು? ಅಂವಾ ಅಂಥಾಂವ ಅಲ್ಲ."

"ನನಗ ಗೊತ್ತಿಲ್ಲೇನು? ಖರೇ ಕಳ್ಳ ಸಿಗೂ ತನಕ ನನ್ನ ಕೈ ಕಟ್ಟೇತಿ."

"ಕಳ್ಳ ಅಂದ್ರ..." ಮಾಮಾ ಎದ್ದು ನಿಂತ. "ಬರ್ತೀನಿ. ಎತ್ತಿಗೆ ಮೇವು ಹಾಕಬೇಕು."

ಮುದುಕನಿಗೂ ಗೌಸ್ಯಾನ ಮೇಲೆ ಎಷ್ಟು ಪ್ರೀತಿ ಅಂದುಕೊಂಡು ಈರಣ್ಣ ಜೀಪು ಹತ್ತಿದ. ಖಾನಾಪುರದ ದನದ ಡಾಕ್ಟರು ವರ್ಗವಾಗಿ ಹೋಗಿದ್ದರು. ಕಡವೆಯ ತಲೆ, ಕುತ್ತಿಗೆ, ಒಂದು ಕಾಲನ್ನು ಬರ್ಫ ತುಂಬಿದ ಡಬ್ಬಿಯಲ್ಲಿಟ್ಟು ಬೆಳಗಾವಿಗೇ ಒಯ್ಯಬೇಕಾಯಿತು. ದಾರಿಯುದ್ದಕ್ಕೂ ಈರಣ್ಣ ಜೀಪಿನ ಹೊರಗೆ ಮುಖ ಹಾಕಿಕೊಂಡೇ ಕೂತಿದ್ದ.

* * *

ಪಶುವೈದ್ಯೆ ಚಂದ್ರವ್ವ ರಜೆಯ ಮೇಲೆ ಬೆಳಗಾವಿಯ ಸದಾಶಿವನಗರದ ತಮ್ಮ ಮನೆಯಲ್ಲಿದ್ದರು. ಡಬ್ಬಿ ಕಂಡದ್ದೇ ರಜೆ ಮರೆತರು. ಹಿತ್ತಲಿನ ಕಟ್ಟೆಯ ಮೇಲೆ ಹಳೇ ಪೇಪರು ಹಾಸಿ, ಸ್ವಂತದ ಸೂಕ್ಷ್ಮದರ್ಶಕ ತಂದಿಟ್ಟರು.

"ಇಲ್ಲಿ ಬರ್ರಿ. ದೂರ ನಿಂತ್ರ ಕಾಣಂಗಿಲ್ಲ."

"ನೀವ ಹೇಳ್ರಿ ಬಾಯಾರ, ನಾ ಕೇಳ್ತೀನಿ."

"ಕಡವಿ ಕಾಯೂ ಮನಶ್ಯಾಗ ಕಡವಿ ಮಾರಿ ನೋಡಾಕ ಆಗಂಗಿಲ್ಲೇನ್ರಿ? ಬರ್ರಿ."

ಈರಣ್ಣ ಬಂದ. ಟವೆಲ್ ಕೆಳಗಿಟ್ಟ. ಅಂದು ಮೊದಲ ಸಲ ಅದರ ಮುಖ ಸರಿಯಾಗಿ ನೋಡಿದ. ಇನ್ನೂ ಎಳೆಯದು. ಅವನಿಗೆ ಅಳು ಬಂತು.

"ಈ ಗಾಯ ನೋಡ್ರಿ," ಡಾಕ್ಟರು ಕುತ್ತಿಗೆ ತೋರಿಸಿದರು. "ಜೀವ ಇದ್ದಾಗ ಕೊಯ್ದ್ರ ಅಂಚಿನ ಮಾಂಸದಾಗ ರಕ್ತ ಇಳದು ಕೆಂಪಗ ಹೆಪ್ಪು ಕಟ್ಟಿರತೈತಿ. ಇಲ್ಲಿ ಒಂದ ಹನಿನೂ ಇಲ್ಲ. ಸತ್ತ ಮ್ಯಾಲೆ ಕೊಯ್ದಾರ."

"ಅಂದ್ರ ಸಾಯಿಸಿದ್ದು ಚೂರಿ ಅಲ್ಲ?"

"ಅಲ್ಲ. ಇನ್ನೊಂದ ಮಾತು. ಇದು ಗಂಟಲಗಂಟು. ಕಸಾಯಿ ಮಂದಿ ಇದರ ಕೆಳಗ ಕೊಯ್ತಾರ, ಗಂಟು ತಲಿ ಕಡೆ ಉಳೀಬೇಕು. ಇಲ್ಲಂದ್ರ ಆ ಮಾಂಸ ಅವರಿಗೆ ನಡಿಯಂಗಿಲ್ಲ. ದಿನಾ ಮುಂಜಾನೆ ಕಸಾಯಿಖಾನಿ ತಪಾಸಣಿ ಮಾಡಾಕಿ ನಾ, ಒಂದರ ತಪ್ಪಿದ್ದು ಕಂಡಿಲ್ಲ. ಇಲ್ಲಿ ನೋಡ್ರಿ, ಗಂಟಿನ ಮ್ಯಾಲೆ ಕೊಯ್ದಾರ. ಅದೂ ಮೂರು ನಾಕು ಸಲ, ಕೈ ನಡುಗಿ."

"ಹಂಗಾರ ಗೌಸ್ಯಾ ಅಲ್ಲ." ಈರಣ್ಣನ ಉಸಿರು ಹಗುರಾಯಿತು. ಮರುಕ್ಷಣ ಮುಖ ಸಪ್ಪಗಾಯಿತು. "ಬುರಾನುದ್ದೀನನೂ ಅಲ್ಲ."

ಡಾಕ್ಟರು ಕಾಲಿನ ಕೂದಲು ಗಾಜಿನ ಮೇಲಿಟ್ಟು ನೋಡಿದರು, ಅವನಿಗೂ ತೋರಿಸಿದರು. ಕೂದಲಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು.

"ಒಮ್ಮೆಲೇ ಕಾದು ಸುಟ್ಟ ಕೂದಲು. ಗೊರಸಿನ ಮ್ಯಾಲಿನ ಚರ್ಮದಾಗ ಸಣ್ಣ ಗೆರಿ ಐತಿ. ತಂತಿ ಅದು. ಕರೆಂಟ್ ಹೊಡದು ಸತ್ತೈತಿ."

ರವದಿ, ತಂತಿ, ಕರೆಂಟು. ಹಾಗಾದರೆ ಪಂಪಸೆಟ್ ಇರುವ ಕಬ್ಬಿನ ಹೊಲ. ನದಿದಂಡೆಗೆ ಅಂಥ ಹೊಲಗಳು ಹತ್ತಾರು ಇದ್ದವು. ಯಾವುದೆಂದು ಹುಡುಕುವುದು?

ಅಷ್ಟರಲ್ಲಿ ಚಂದ್ರವ್ವ ಹಣೆಯ ಮೇಲಿನ ಬೂದಿ ಕೆರೆದು ನೋಡುತ್ತಿದ್ದರು.

"ಇದು ಒಲಿ ಬೂದಿ ಅಲ್ರಿ. ಸಗಣಿ ಬೂದಿ. ಭತ್ತದ ಹೊಟ್ಟಿನ ಚೂರು ಅದಾವ, ಹಲ್ಲಿನ ಸಾಲಿನಂಗ ಕಾಣ್ತಾವ. ನಡುವ ಕೆಂಪು ಕಣ, ಸುಟ್ಟ ಮಣ್ಣಿನ್ವು." ಅವರು ತಲೆ ಎತ್ತಿ ಈರಣ್ಣನ ಹಣೆ ನೋಡಿದರು. "ಮೂರು ಬೆರಳಲೆ ಹಚ್ಚ್ಯಾರ. ವಿಭೂತಿ ಇರಬೇಕು. ಹೋಲಿಸಿ ನೋಡಾಕ ನಿಮ್ಮದು ಒಂದೀಟು ಕೊಡ್ರಿ."

ಈರಣ್ಣ ನಗುತ್ತ ಹಣೆ ಮುಂದೆ ಮಾಡಿದ. ಡಾಕ್ಟರು ಗಾಜು ಒತ್ತಿ ತೆಗೆದರು. ನೋಡಿದರು. ಮೊದಲಿನ ಗಾಜು ಇಟ್ಟು ನೋಡಿದರು. ಮತ್ತೆ ಇದನ್ನು.

"ಈರಣ್ಣಾ ಅವರ, ಎರಡೂ ಒಂದ ಅದಾವ್ರಿ. ಅದ ಹೊಟ್ಟು, ಅದ ಕೆಂಪು ಕಣ. ಎಲ್ಲಿ ತಗೊಂಡ್ರಿ ಇದನ್ನ?"

ಈರಣ್ಣನ ನಗು ಆರಿಹೋಯಿತು. ಪೇಟೆಯ ವಿಭೂತಿ ಅವನು ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. ಸಗಣಿ ಉಂಡೆಗಳನ್ನು ಖಾನಾಪುರದ ಕುಂಬಾರರ ಹಳೆಯ ಗಡಿಗೆಯಲ್ಲಿಟ್ಟು, ಮೇಲೆ ಭತ್ತದ ಹೊಟ್ಟು ಸುರಿದು ಸುಡುವ ಮನುಷ್ಯ ಒಬ್ಬನೇ ಇದ್ದ. ಪಡೆಯುವ ಮನೆಗಳು ನಾಲ್ಕೈದು. ಕಬ್ಬೂ ಪಂಪಸೆಟ್ಟೂ ಇದ್ದದ್ದು ಮಾತ್ರ ಆ ಸುಡುವವನಿಗೊಬ್ಬನಿಗೇ.

* * *

ಸೂರ್ಯ ಇಳಿಯುವ ಮೊದಲೇ ಈರಣ್ಣ ಹೊಲ ಮುಟ್ಟಿದ. ಬದುವಿನ ಗೂಟಗಳಲ್ಲಿ ತಂತಿ ಬಿಚ್ಚಿದ ಗುರುತು ಇನ್ನೂ ಹಸಿಯಾಗಿತ್ತು. ಪಂಪಿನ ಮನೆಯ ಮುಂದೆ ದುಂಡಪ್ಪ ಕೂತಿದ್ದ. ಅಳಿಯ ಜೀಪಿನಿಂದ ಇಳಿದ ರೀತಿಯಲ್ಲೇ ಅವನಿಗೆ ಎಲ್ಲ ತಿಳಿಯಿತು.

"ಹಂದಿ ಕಬ್ಬು ಹಾಳ ಮಾಡ್ತಾವಂತ ತಂತಿ ಕಟ್ಟಿದ್ದೆ. ಹೆದರ್ಲಿ ಅಂತ, ಅಷ್ಟ. ಸೋಮವಾರ ಮುಂಜಾನೆ ಬಂದು ನೋಡ್ತೀನಿ, ಈ ಕೂಸು ಬಿದ್ದೈತಿ."

"ನನಗ ಯಾಕ ಹೇಳಲಿಲ್ಲ ಮಾಮಾ?"

"ಹೆಂಗ ಹೇಳ್ಲೋ? ನಿನ್ನ ನೌಕರಿನ ಇದು." ಮಾಮಾ ಕಣ್ಣೊರೆಸಿಕೊಂಡ. "ಸಂಜಿಮುಂದ ಮಳಿ ಬಂದು ನಿಂತಿತ್ತು, ಓಣ್ಯಾಗ ಯಾರೂ ಇರಲಿಲ್ಲ. ಬಂಡ್ಯಾಗ ರವದಿ ಮುಚ್ಚಿ ಒಯ್ದೆ. ಗೌಸ್ಯಾ ನೋಡಿ, ಮಾರರ ಮಾರ್ತಾನ, ಒಗದರ ಒಗೀತಾನ ಅಂದ್ಕೊಂಡೆ. ಅಂವನ್ನ ಹಿಡೀತಾರಂತ ಕನಸಿನ್ಯಾಗೂ ಬರಲಿಲ್ಲ."

"ಮತ್ತ ಕುತ್ತಿಗಿ?"

"ಕೊಯ್ಯದ್ದು ಅವರಿಗೆ ನಡಿಯಂಗಿಲ್ಲ ಅಂತ ಕೇಳಿದ್ದೆ. ಪಾಪ, ಅವರ ಜಾತಿ ಕೆಡಬಾರದಂತ ಕಬ್ಬಿನ ಕುಡಗೋಲಲೆ ಕೊಯ್ದೆ. ಕಣ್ಣು ಮುಚ್ಚಿ ಕೊಯ್ದೆಪಾ."

ಈರಣ್ಣನಿಗೆ ನಗು, ಅಳು ಒಟ್ಟಿಗೇ ಉಕ್ಕಿ ಬಂದವು. ಜೀವಮಾನದಲ್ಲಿ ಕೋಳಿ ಮುಟ್ಟದ ಮುದುಕ ಸತ್ತ ಕಡವೆಯನ್ನು ಹಲಾಲ್ ಮಾಡಲು ಹೊರಟಿದ್ದ!

"ಬಿಟ್ಟು ಬರಾಕ ಮನಸ ಆಗಲಿಲ್ಲ. ಹಣಿಗೆ ವಿಭೂತಿ ಹಚ್ಚಿದೆ."

"ಅದ ನಿನ್ನ ಹಿಡದು ಕೊಡ್ತು ಮಾಮಾ. ನನ್ನ ಹಣಿ ಮ್ಯಾಲಿಂದೂ ಅದ."

ಮಾಮಾ ಎದ್ದು ರುಮಾಲು ಸರಿಮಾಡಿಕೊಂಡ.

"ಮುಂಜಾನೆನ ಬಾಯಿ ಬಿಡಬೇಕಿತ್ತು. ನಿನ್ನ ಕಚೇರಿ ತನಕ ಬಂದೆ, ಧೈರ್ಯ ಆಗಲಿಲ್ಲ. ನಡಿ, ಜೀಪ್ ಹತ್ತೂಣು. ನನ್ನ ಬದಲಿ ಆ ಹುಡುಗ ಅಲ್ಲಿ ಕೂಡಬಾರದು."

* * *

ಬುಧವಾರ ಖಾನಾಪುರದ ಕೋರ್ಟಿನಲ್ಲಿ ಈರಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ. ರಕ್ತ ಇಳಿಯದ ಗಾಯ, ಸತ್ತ ಮೇಲೆ ಕೊಯ್ದದ್ದಕ್ಕೆ ಸಾಕ್ಷಿ. ಗಂಟಲಗಂಟಿನ ಮೇಲೆ ಬಿದ್ದ ಕೊಯ್ತ, ಕೊಯ್ದವನು ಕಸಾಯಿ ಅಲ್ಲ ಎಂಬುದಕ್ಕೆ ಸಾಕ್ಷಿ. ಸುಟ್ಟ ಕೂದಲು ತಂತಿಯನ್ನು ತೋರಿಸಿತು, ರವದಿ ಹೊಲವನ್ನು ತೋರಿಸಿತು, ಬೂದಿ ಮನೆಯನ್ನು ತೋರಿಸಿತು. ತಪ್ಪು ಮಾಡಿದವನು ತನ್ನ ಸೋದರಮಾವ ಎಂಬುದನ್ನೂ ತಾನೇ ಹೇಳಿದ. ಒಂದು ಮಾತನ್ನೂ ಮುಚ್ಚಿಡಲಿಲ್ಲ.

ನ್ಯಾಯಾಧೀಶರು ಗೌಸಸಾಬನನ್ನು ಬಿಟ್ಟರು. ದುಂಡಪ್ಪನ ಮೇಲೆ ಮೊಕದ್ದಮೆ ನಡೆಯುತ್ತದೆ, ಅಲ್ಲಿಯವರೆಗೆ ಜಾಮೀನು ಕೊಡಬಹುದು ಅಂದರು.

"ಜಾಮೀನು ಯಾರು ನಿಲ್ಲುತ್ತೀರಿ?"

ಕೇಸು ಹಾಕಿದ ಈರಣ್ಣನೇ ಜಾಮೀನು ನಿಲ್ಲಲು ಬರುವುದಿಲ್ಲ. ಬೀಗರ ಪೈಕಿ ಯಾರೂ ಕೋರ್ಟಿನ ಹತ್ತಿರ ಸುಳಿದಿರಲಿಲ್ಲ.

"ನಾ ನಿಲ್ತೀನ್ರಿ ಸಾಹೇಬ್ರ."

ಈಗಷ್ಟೇ ಬಿಡುಗಡೆಯಾದ ಗೌಸಸಾಬ ಬಾಗಿಲವರೆಗೆ ಹೋದವನು ತಿರುಗಿ ಬಂದಿದ್ದ. ದುಂಡಪ್ಪ ಅವನ ಕೈ ಹಿಡಿಯಲು ಹೋಗಿ ಹಿಡಿಯಲಾರದೆ ನಿಂತ.

"ಮಾಮಾ, ಒಂದ ಶರತ್ತು," ಅಂದ ಗೌಸಸಾಬ. "ಸಂತಿ ದಿನಾ ನನ್ನ ಅಂಗಡಿ ಕಟ್ಟಿಗೆ ಬಂದು ಕುಂದರಬೇಕು. ಹೋಗೂ ಬರೂ ಮಂದಿಗೆಲ್ಲಾ ಖರೇ ಸಂಗತಿ ನಿಮ್ಮ ಬಾಯಲೆ ಹೇಳಬೇಕು."

* * *

ಸಂತೆಯ ದಿನ ದುಂಡಪ್ಪ ಬಂದ. ಜೀವಮಾನದಲ್ಲಿ ಹಗಲು ಹೊತ್ತು ಆ ಓಣಿಗೆ ಕಾಲಿಡದವನು ಒಗೆದ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು, ಮಟನ್ ಅಂಗಡಿಯ ಕಟ್ಟೆಯ ಮೇಲೆ ಕೂತ. ಕೇಳಿದವರಿಗೂ ಹೇಳಿದ, ಕೇಳದವರನ್ನೂ ಕರೆದು ಹೇಳಿದ.

"ತಂತಿ ನಂದು. ಕುಡಗೋಲೂ ನಂದು. ಈ ಹುಡುಗಂದು ಏನೂ ತಪ್ಪಿಲ್ಲ. ನೀವೂ ಹೊಲಕ್ಕ ತಂತಿ ಕಟ್ಟಿದ್ರ ಇವತ್ತ ಬಿಚ್ರಿ."

ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿತು. ಗೌಸಸಾಬನ ಹೆಂಡತಿ ಮೆಹಬೂಬಿ ಪರದೆಯ ಹಿಂದಿನಿಂದ ಚಹಾ ಕಳಿಸಿದಳು. ಕಪ್ಪು ಹಿಡಿದ ಗೌಸಸಾಬ ಅನುಮಾನಿಸಿದ. ಬಾಜು ಅಂಗಡಿಯ ಬುರಾನುದ್ದೀನನೂ ಕತ್ತಿ ನಿಲ್ಲಿಸಿ ನೋಡಿದ. ಮಾಮಾ ಎಂದೂ ಆ ಮನೆಯ ನೀರು ಸಹ ಕುಡಿದವನಲ್ಲ.

"ಬಶಿ ತಾರೋ," ಅಂದ ದುಂಡಪ್ಪ. ಬಶಿಗೆ ಸುರಿದುಕೊಂಡು ಸೊರ್ ಎಂದು ಕುಡಿದ. "ಸಕ್ಕರಿ ಕಡಿಮಿ ಆಗೇತಿ. ಕಬ್ಬಿನಾಂವಗ ಇಂಥಾ ಚಹಾ ಕೊಡ್ತಾರೇನೋ?"

ಗೌಸಸಾಬ ಒಳಗೆ ಕೂಗಿ ಸಕ್ಕರೆ ತರಿಸಿದ. ಎದುರಿಗೆ ಜೀಪಿನಲ್ಲಿ ಕೂತಿದ್ದ ರೇಂಜರ್ ಈರಣ್ಣ ಆ ದಿನ ಮಟನ್ ಅಂಗಡಿಯಿಂದ ಮುಖ ತಿರುಗಿಸಲಿಲ್ಲ.