ಎರಡರಿಂದ ನಾಲ್ಕರವರೆಗೆ ಕಾಣಿಸದ ಐದು ಕಂಪ್ಯೂಟರ್‌ಗಳು

೨೦೦೫ರ ಮಾರ್ಚ್ ೧೦, ಗುರುವಾರ. ಬೆಳಿಗ್ಗೆ ೯.೧೦ಕ್ಕೆ ಗೋರ್ನಾ ಬಾರಾ ಊರಿನ ಪೊಲೀಸ್ ಠಾಣೆಗೆ ಔಷಧಿ ಅಂಗಡಿಯ ಸ್ತೆಫ್ಕಾ ಬೊನೊವಾ ದೂರು ಕೊಡಲು ಬಂದರು. ಹದಿನಾಲ್ಕನೇ ಕಟ್ಟಡದಲ್ಲಿ ಕಂಪ್ಯೂಟರ್‌ಗಳು ಕಾಣೆಯಾಗುತ್ತಿವೆ ಎಂದರು. ಪೇದೆ ಮಿನೆವ್ ಕೈಯಲ್ಲಿದ್ದ ಬಾನಿತ್ಸಾ ಎಂಬ ಚೀಸ್ ಕಡುಬಿನ ತುಂಡನ್ನು ಪಕ್ಕಕ್ಕಿಟ್ಟು ಪೆನ್ನು ತೆಗೆದ.

"ಎಷ್ಟು ಕಳುವಾಗಿದೆ?"

"ಕಳುವಾಗಿಲ್ಲ. ಎಲ್ಲ ಇದ್ದಲ್ಲೇ ಇವೆ. ನನ್ನ ಕಂಪ್ಯೂಟರಿಗೆ ಕಾಣಿಸ್ತಿಲ್ಲ."

"ಕನ್ನಡಕ ಬದಲಾಯಿಸಿ ನೋಡಿದ್ರಾ?"

ಬೊನೊವಾ ಅಳತೊಡಗಿದರು. ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ರುಸ್ಕೊ ಕಾಲ್ಚೆವ್ ಎದ್ದು ಬಂದ. ಮಿನೆವ್‌ನನ್ನು ಒಮ್ಮೆ ದುರುಗುಟ್ಟಿ ನೋಡಿ ತಾನೇ ಪ್ರಶ್ನೆ ಕೇಳಲು ಕುಳಿತ.

ಹದಿನಾಲ್ಕನೇ ಕಟ್ಟಡಕ್ಕೆ ಎರಡು ಬಾಗಿಲು. ಒಂದನೇ ಬಾಗಿಲಿನ ಪಕ್ಕ ಬೊನೊವಾ ಅವರ ಅಂಗಡಿ, ಎರಡನೆಯದರ ಪಕ್ಕ ಡಾಕ್ಟರ್ ವಲ್ಕೊವಾ ಅವರ ದವಾಖಾನೆ. ನಿವಾಸಿಗಳು ಸೇರಿ ಹನ್ನೊಂದು ಕಂಪ್ಯೂಟರ್‌ಗಳಿಗೆ ತಂತಿ ಎಳೆದು ನೆಟ್‌ವರ್ಕ್ ಮಾಡಿಕೊಂಡಿದ್ದರು. ಯಾವ ರೋಗಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬ ಪಟ್ಟಿ ಡಾಕ್ಟರ ಕಂಪ್ಯೂಟರಿನಲ್ಲಿತ್ತು. ಅದನ್ನು ನೋಡಿಯೇ ಬೊನೊವಾ ಮಾತ್ರೆ ಕೊಡುತ್ತಿದ್ದುದು.

"ಬುಧವಾರ ಮಧ್ಯಾಹ್ನ ಎರಡು ನಲವತ್ತು. ನೇದಾ ಅಜ್ಜಿ ಹಲ್ಲಿನ ಡಾಕ್ಟ್ರ ಚೀಟಿ ಹಿಡ್ಕೊಂಡು ಬಂದ್ರು. ನೋಡಿದ್ರೆ ವಲ್ಕೊವಾ ಅವರ ಕಂಪ್ಯೂಟರೇ ನಾಪತ್ತೆ. ಅವರ ಫೋನೂ ಸಿಗ್ಲಿಲ್ಲ, ಹಳ್ಳಿ ಕಡೆ ಹೋಗಿದ್ರು. ಅಜ್ಜಿಗೋ ನೋವು. ನಂಗೆ ಎಲ್ಲಾ ಆಗತ್ತೆ, ಕೊಡೇ ತಾಯಿ ಅಂದ್ರು. ಕೊಟ್ಟೆ."

"ಏನು ಕೊಟ್ರಿ?"

"ಪೆನಿಸಿಲಿನ್. ಅವರಿಗೆ ಅದೇ ಆಗಲ್ಲ. ಈಗ ಉಸಿರಾಟದ ಯಂತ್ರದ ಮೇಲಿದ್ದಾರೆ."

"ಯಾರ ಮೇಲೆ ಅನುಮಾನ?"

ಬೊನೊವಾ ಹೆಸರು ಹೇಳಿದರು: ಪ್ಲಾಮೆನ್ ಯೋತೊವ್, ನೆಟ್‌ವರ್ಕ್ ನೋಡಿಕೊಳ್ಳುವವ. ಎರಡು ವಾರದ ಹಿಂದೆ ಜಗಳದಲ್ಲಿ, ನಿನ್ನ ಕಣ್ಣಿಗೆ ಒಂದೂ ಕಂಪ್ಯೂಟರ್ ಕಾಣದ ಹಾಗೆ ಮಾಡ್ತೀನಿ ಅಂದಿದ್ದನಂತೆ.

೧೦.೦೫ಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪ್ರಾಸಿಕ್ಯೂಟರ್ ಫೋನ್ ಮಾಡಿದರು. ನೆಟ್‌ವರ್ಕ್ ತಂತಿಗಳು ಸೇರುವ ಪೆಟ್ಟಿಗೆಯ ಬೀಗದ ಕೈ ಯೋತೊವ್ ಒಬ್ಬನ ಬಳಿಯೇ ಇದೆ, ಬೆದರಿಕೆಯನ್ನೂ ಹಾಕಿದ್ದಾನೆ, ಶುಕ್ರವಾರ ಸಂಜೆ ಐದರೊಳಗೆ ಅವನು ಲಾಕಪ್‌ನಲ್ಲಿರಬೇಕು ಎಂದರು. ಅಜ್ಜಿ ಸತ್ತರೆ ಕೊಲೆಯ ಕೇಸು.

ಮಧ್ಯಾಹ್ನ ೧೨.೩೦ಕ್ಕೆ ಯೋತೊವ್‌ನನ್ನು ಕರೆಸಿದರು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ.

"ಬೆದರಿಕೆ ಹಾಕಿದ್ದು ನಿಜವಾ?"

"ಬಾಯಿಗೆ ಬಂದಿದ್ದು ಅಂದೆ ಸಾಹೇಬ್ರೇ. ಸಿನಿಮಾ ಇಳಿಸಿ ಇಳಿಸಿ ನೆಟ್‌ವರ್ಕ್ ಹಾಳು ಮಾಡ್ದೆ ಅಂತ ಎಲ್ಲರೆದುರು ಬೈದ್ರು, ಸಿಟ್ಟು ಬಂತು."

"ಎಲ್ಲ ಕಂಪ್ಯೂಟರೂ ಮಾಯ ಆಗತ್ತಾ?"

"ಇಲ್ಲ. ಎರಡನೇ ಬಾಗಿಲಿನ ಐದು ಮಾತ್ರ. ನನ್ನ ಕಂಪ್ಯೂಟರ್ ನಿಮಿಷಕ್ಕೊಂದು ಸಲ ಎಲ್ಲವನ್ನೂ ಕರೆದು ನೋಡತ್ತೆ. ಯಾರು ಓಗೊಟ್ರು, ಯಾರು ಕೊಡ್ಲಿಲ್ಲ, ಎಲ್ಲಾ ಬರ್ಕೊಳತ್ತೆ."

ಅವನು ತಂದಿದ್ದ ಹಾಳೆಗಳನ್ನು ಕಾಲ್ಚೆವ್ ಮೇಜಿನ ಮೇಲೆ ಹರಡಿದ. ಫೆಬ್ರವರಿ ೨೩ರಿಂದ ದಿನವೂ ಒಂದೇ ಕತೆ. ೨.೦೨ಕ್ಕೆ ಐದೂ ಒಟ್ಟಿಗೆ ಮೌನ, ೪.೦೧ಕ್ಕೆ ಐದೂ ಒಟ್ಟಿಗೆ ವಾಪಸ್ಸು.

"ರಿಪೇರಿ ಮಾಡ್ಲಿಲ್ವಾ?"

"ತಂತಿ ಬದಲಾಯಿಸ್ದೆ, ಪೆಟ್ಟಿಗೆಯೊಳಗಿನ ಯಂತ್ರಾನೇ ಬದಲಾಯಿಸ್ದೆ, ಐದು ಕಂಪ್ಯೂಟರಿಗೂ ಹೊಸದಾಗಿ ನಂಬರ್ ಕೊಟ್ಟೆ. ನಾನು ಹೋದಾಗೆಲ್ಲ ಸರಿಯಾಗೇ ಇರತ್ತೆ."

"ಹೋಗ್ತಿದ್ದಿದ್ದು ಎಷ್ಟೊತ್ತಿಗೆ?"

"ನಾಲ್ಕರ ಮೇಲೆ. ಎರಡರಿಂದ ನಾಲ್ಕು ವಿಶ್ರಾಂತಿ ಸಮಯ ಅಲ್ವಾ? ಆ ಹೊತ್ತಲ್ಲಿ ಮೆಟ್ಟಿಲ ಮೇಲೆ ಏಣಿ ಇಟ್ರೆ ಮುದುಕರೆಲ್ಲ ಸೇರಿ ನನ್ನ ಚರ್ಮ ಸುಲೀತಾರೆ."

ಕಾಲ್ಚೆವ್ ತಲೆಯೆತ್ತಿ ನೋಡಿದ. ಎರಡರಿಂದ ನಾಲ್ಕು ಸದ್ದು ಮಾಡಬಾರದು ಎಂಬ ಬೋರ್ಡ್ ಊರಿನ ಪ್ರತಿ ಕಟ್ಟಡದ ಬಾಗಿಲಲ್ಲೂ ಇದೆ, ತೀರಾ ಹಾಳಾದವರೂ ಅದನ್ನು ಮೀರುವುದಿಲ್ಲ. ಹಾಗಾಗಿ ಹದಿನೈದು ದಿನದಿಂದ, ಯಂತ್ರ ಕೆಟ್ಟಿರುವ ಹೊತ್ತಿನಲ್ಲಿ ಅದರ ಮುಂದೆ ಒಬ್ಬರೂ ಹೋಗಿ ನಿಂತಿರಲಿಲ್ಲ.

೨.೩೦ಕ್ಕೆ ಕಾಲ್ಚೆವ್ ಮತ್ತು ಮಿನೆವ್ ಎರಡನೇ ಬಾಗಿಲು ಹೊಕ್ಕರು. ಪೆಟ್ಟಿಗೆ ಇದ್ದದ್ದು ಎರಡನೇ ಮಹಡಿಯ ಗೋಡೆಯಲ್ಲಿ. ಬೀಗ ಭದ್ರವಾಗಿತ್ತು, ಯೋತೊವ್‌ನ ಸೀಲ್ ಹಾಗೇ ಇತ್ತು. ಕಿಂಡಿಯಲ್ಲಿ ಇಣುಕಿದರೆ ಒಳಗೆ ಒಂದು ದೀಪವೂ ಇಲ್ಲ. ಕಾಲ್ಚೆವ್ ಸುತ್ತ ನೋಡಿ ಮೆಟ್ಟಿಲ ದೀಪದ ಸ್ವಿಚ್ ಒತ್ತಿದ. ಹತ್ತಲಿಲ್ಲ. ನಾಲ್ಕು ಗಂಟೆ ಐದು ನಿಮಿಷಕ್ಕೆ ಬಂದು ಮತ್ತೆ ಒತ್ತಿದ. ಹತ್ತಿತು.

"ಪೆಟ್ಟಿಗೆಗೂ ಈ ದೀಪಕ್ಕೂ ಒಂದೇ ಫ್ಯೂಸು," ಎಂದ ಮಿನೆವ್. "ಯಾರೋ ದಿನಾ ಎರಡಕ್ಕೆ ಅದನ್ನ ತೆಗೆದು ನಾಲ್ಕಕ್ಕೆ ಹಾಕ್ತಾರೆ. ಹಗಲಲ್ಲಿ ದೀಪ ಹಾಕೋರ್ಯಾರು? ಅದಕ್ಕೇ ಯಾರಿಗೂ ಗೊತ್ತಾಗಿಲ್ಲ."

ಮಾರ್ಚ್ ೧೧, ಶುಕ್ರವಾರ, ೧.೪೫. ಇಬ್ಬರೂ ಮೆಟ್ಟಿಲ ಕೆಳಗೆ, ಫ್ಯೂಸ್‌ಗಳಿರುವ ಫಲಕದ ಎದುರು, ಸೈಕಲ್‌ಗಳ ಹಿಂದೆ ಕುಳಿತರು. ಮಿನೆವ್‌ನ ಜೇಬಿನಲ್ಲಿ ಅಂಗಡಿಯಿಂದ ತಂದ ಹೊಸ ಫ್ಯೂಸ್ ಇತ್ತು. ಆಸ್ಪತ್ರೆಯಿಂದ ಸುದ್ದಿಯಿರಲಿಲ್ಲ. ಐದು ಗಂಟೆಗೆ ಇನ್ನು ಮೂರೂಕಾಲು ಗಂಟೆಯಷ್ಟೇ.

೨.೦೧ಕ್ಕೆ ಮೇಲಿನಿಂದ ಚಪ್ಪಲಿ ಸದ್ದು. ಬಂದವರು ಒಂಬತ್ತನೇ ಮನೆಯ ಗೋಚೊ ರಾದುಲೊವ್, ನೇಯ್ಗೆ ಗಿರಣಿಯ ನಿವೃತ್ತ ಕಾರ್ಮಿಕ. ಊರಿಗೆಲ್ಲ ಬಾಯ್ ಗೋಚೊ, ಅಂದರೆ ಗೋಚೊ ಅಣ್ಣ. ಫಲಕದ ಬಾಗಿಲು ತೆರೆದು, ಪಿಂಗಾಣಿ ಫ್ಯೂಸನ್ನು ತಿರುಗಿಸಿ ತೆಗೆದು, ಕರವಸ್ತ್ರದಲ್ಲಿ ಸುತ್ತಿಕೊಂಡರು.

"ಬಾಯ್ ಗೋಚೊ, ಅಲ್ಲೇ ನಿಲ್ಲಿ. ಕೈಲೇನಿದೆ?" ಎಂದ ಕಾಲ್ಚೆವ್.

"ಫ್ಯೂಸು." ಅವರು ಹೆದರಲಿಲ್ಲ. "ನಾಲ್ಕಕ್ಕೆ ಹಾಕ್ತೀನಪ್ಪ. ದಿನಾ ಹಾಕ್ತೀನಲ್ಲ."

"ಯಾಕೆ ತೆಗೆದ್ರಿ?"

"ಆ ಡಬ್ಬ ಗುರ್ ಅಂತದೆ. ನಮ್ಮ ಮಂಚ ಇರೋದು ಅದೇ ಗೋಡೆಗೆ. ಎರಡರಿಂದ ನಾಲ್ಕು ಸದ್ದು ಮಾಡ್ಬಾರ್ದು ಅಂತ ಬೋರ್ಡ್ ಇದೆಯಲ್ಲ?"

"ರಾತ್ರಿ ತೆಗೀತಿರ್ಲಿಲ್ವಾ?"

"ಕತ್ತಲಲ್ಲಿ ಯಾರಾದ್ರೂ ಮೆಟ್ಟಿಲಿಂದ ಬಿದ್ದು ಸೊಂಟ ಮುರ್ಕೊಂಡ್ರೆ?"

"ಯೋತೊವ್‌ಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಮುದುಕರು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದರು. "ಏನಂತ ಹೇಳ್ಲಿ? ನನ್ನ ಹೆಂಡ್ತಿ ಸೆವ್ದಾಗೆ ಹೊಟ್ಟೇಲಿ ಗಡ್ಡೆ. ಬೇಸಿಗೆ ದಾಟಲ್ಲ ಅಂದಿದ್ದಾರೆ. ಪಿತ್ತಕೋಶದ ಕಲ್ಲು ಅಂತ ನಂಬಿಸಿದೀನಿ. ರಾತ್ರಿಯೆಲ್ಲ ನೋವು, ಮಧ್ಯಾಹ್ನದ ಮಾತ್ರೆ ಮೇಲೆ ಎರಡು ಗಂಟೆ ಕಣ್ಣು ಮುಚ್ತಾಳೆ. ಹಗಲಲ್ಲಿ ಯಾಕೆ ಮಲಗ್ತಾಳೆ ಅಂತ ಒಬ್ರು ಕೇಳಿದ್ರೆ ಕಟ್ಟಡವೆಲ್ಲ ಕೇಳತ್ತೆ. ಕೊನೆಗೆ ಅವಳ ಕಿವಿಗೇ ಬೀಳತ್ತೆ."

ಕಾಲ್ಚೆವ್‌ಗೆ ಇದು ಹೊಸದಲ್ಲ. ಅಲ್ಲಿ ಅಂಥ ಕಾಯಿಲೆಯನ್ನು ರೋಗಿಗೆ ಹೇಳುವ ಪದ್ಧತಿಯಿಲ್ಲ. ಡಾಕ್ಟರು ಮನೆಯವರಿಗೆ ಹೇಳುತ್ತಾರೆ, ಮನೆಯವರು ನಗುತ್ತ ಸುಳ್ಳು ಹೇಳುತ್ತಾರೆ. ಅವನೂ ಅಪ್ಪನಿಗೆ ಎಂಟು ತಿಂಗಳು ಸುಳ್ಳು ಹೇಳಿದ್ದ. ಆದರೂ ಮುಂದಿನ ಪ್ರಶ್ನೆ ಕೇಳಲೇಬೇಕಿತ್ತು.

"ನೇದಾ ಅಜ್ಜಿ ಗೊತ್ತಾ?"

"ಮೇಲಿನ ಮನೆಯೋರು. ಬೆಳಿಗ್ಗೆ ಬಂದು ಸೆವ್ದಾ ತಲೆ ಬಾಚ್ತಿದ್ರು. ಹಲ್ಲಿನ ಔಷಧಿ ತಿಂದು ಏನೋ ಆಯ್ತಂತೆ, ಪಾಪ. ಯಾವ ಕತ್ತೆ ಕೊಟ್ಟಿದ್ದು?"

ಕಾಲ್ಚೆವ್ ಹೇಳಿದ. ಪಟ್ಟಿ, ಪೆಟ್ಟಿಗೆ, ಫ್ಯೂಸ್ ಎಲ್ಲವನ್ನೂ ಎರಡು ಸಲ ಹೇಳಬೇಕಾಯಿತು. ಎರಡನೇ ಸಲಕ್ಕೆ ಮುದುಕರು ಮೆಟ್ಟಿಲ ಮೇಲೆ ಕುಸಿದರು.

ಮಿನೆವ್ ಸದ್ದಿಲ್ಲದೆ ಹೊಸ ಫ್ಯೂಸ್ ಹಾಕಿದ. ಮೇಲೆ ಪೆಟ್ಟಿಗೆ ಗುರುಗುಟ್ಟತೊಡಗಿತು. ಮುದುಕರು ಮೇಲೆ ನೋಡಿದರು.

"ಎದ್ಬಿಡ್ತಾಳೆ," ಎಂದರು.

೨.೨೫ಕ್ಕೆ ಪಂಚನಾಮೆ ಮುಗಿಯಿತು. ಹಳೆಯ ಫ್ಯೂಸಿಗೆ ಸೀಲ್ ಬಿತ್ತು. ಮುದುಕರು ತಮ್ಮ ಮನೆಯ ಒಳಕೋಣೆಯಲ್ಲಿ ಕೋಟು ಹಾಕಿಕೊಳ್ಳುತ್ತಿರುವಾಗ ಮಂಚದ ಮೇಲಿದ್ದ ಸೆವ್ದಾ ಬೆರಳಾಡಿಸಿ ಕಾಲ್ಚೆವ್‌ನನ್ನು ಹತ್ತಿರ ಕರೆದರು. ಆರೋಗ್ಯಕ್ಕೆಂದು ಮಾರ್ಚ್‌ನಲ್ಲಿ ಮಣಿಕಟ್ಟಿಗೆ ಕಟ್ಟುವ ಕೆಂಪು ಬಿಳಿ ದಾರ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದರು.

"ಏನು ಮಾಡಿದ್ರಪ್ಪ ಇವ್ರು?"

"ಫ್ಯೂಸ್ ತೆಗೆದ್ರಮ್ಮ. ನಿಮ್ಮ ನಿದ್ದೆ ಕೆಡಬಾರ್ದು ಅಂತ."

"ಯಾರಿಗೂ ಹೇಳ್ದೇ?"

"ಹೇಳೋಕಾಗ್ಲಿಲ್ಲಂತೆ."

ಸೆವ್ದಾ ಕಣ್ಣು ಮುಚ್ಚಿದರು. "ಗಡ್ಡೆ ಅಂತ ನನಗೆ ನವೆಂಬರ್‌ನಲ್ಲೇ ಗೊತ್ತು. ಅವ್ರಿಗೆ ಹೇಳ್ಬೇಡ ಮಗಾ. ತಡ್ಕೊಳ್ಳಲ್ಲ."

೨.೪೦ಕ್ಕೆ ಬಂಧನವಾಯಿತು. ಕೈಕೋಳ ತೊಡಿಸಲಿಲ್ಲ. ಠಾಣೆಯಲ್ಲೇ ಕೂರಿಸಿದ್ದ ಯೋತೊವ್‌ನನ್ನು ಬಿಟ್ಟು ಕಳಿಸಿದರು. ಮನೆಗೆ ಹೋಗುವ ದಾರಿಯಲ್ಲೇ ಅವನು ಪೆಟ್ಟಿಗೆಯನ್ನು ಬಿಚ್ಚಿ ನೆಲಮಾಳಿಗೆಗೆ ಇಳಿಸಿದ. ಇಪ್ಪತ್ತು ನಿಮಿಷದ ಕೆಲಸ. ಶನಿವಾರ ಬೆಳಿಗ್ಗೆ ನೇದಾ ಅಜ್ಜಿಯ ಉಸಿರಾಟದ ಯಂತ್ರ ತೆಗೆದರು. ಅವರು ಮೊದಲು ಕೇಳಿದ್ದು ಸೆವ್ದಾಗೆ ಈಗ ತಲೆ ಬಾಚುವವರು ಯಾರು ಎಂದು.

ಆರೋಪಪಟ್ಟಿಯಲ್ಲಿ ಕೃತ್ಯದ ಕಾರಣ ಬರೆಯುವ ಜಾಗಕ್ಕೆ ಬಂದಾಗ ಕಾಲ್ಚೆವ್ ಪೆನ್ನು ಕೆಳಗಿಟ್ಟ. ನ್ಯಾಯಾಲಯದಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಗಡ್ಡೆಯ ಸಂಗತಿಯನ್ನು ಊರು ಕೇಳಿಸಿಕೊಳ್ಳುತ್ತದೆ, ಅದು ಸೆವ್ದಾ ಕಿವಿಗೂ ಬಿತ್ತೆಂದು ಗಂಡನಿಗೆ ತಿಳಿಯುತ್ತದೆ. 'ಪೆಟ್ಟಿಗೆಯ ಸದ್ದಿನಿಂದ ತೊಂದರೆ' ಎಂದಷ್ಟೇ ಬರೆದು ಸಹಿ ಹಾಕಿದ.