ಬಾಗಿಲಿಗಂಟಿಸಿದ ಕೂದಲು

ಲವಂಗದೆಣ್ಣೆ ಹಾಕದ ತಟ್ಟೆಗಳಲ್ಲೂ ಬೂಷ್ಟು ಬೆಳೆದಿರಲಿಲ್ಲ.

ಎಣ್ಣೆ ಹಾಕಿದವುಗಳಲ್ಲಿ ಬೆಳೆಯದಿದ್ದರೆ ಸರಿ. ದ್ರಾಕ್ಷಿ ಕೊಳೆಸುವ ಆ ಬೂದು ಬೂಷ್ಟನ್ನು ಲವಂಗ ತಡೆಯುತ್ತದೆಂದು ತೋರಿಸುವುದೇ ಅವಳ ಪ್ರಯೋಗ. ಆದರೆ ಎಣ್ಣೆಯಿಲ್ಲದ ಬರೀ ತಟ್ಟೆಯಲ್ಲಿ ಅದು ಹುಲುಸಾಗಿ ಬೆಳೆಯಲೇಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಇನ್ನೊಮ್ಮೆ ಹೀಗಾದರೆ ಪ್ರಯೋಗವನ್ನೇ ನಿಲ್ಲಿಸುವುದಾಗಿ ಪ್ರಯೋಗಾಲಯದ ಮುಖ್ಯಸ್ಥರು ಹೇಳಿಯಾಗಿತ್ತು.

ಯಾರೋ ಕೈಯಾಡಿಸಿದ್ದಾರೆ. ಯಾರೋ ಏನು, ಪಕ್ಕದ ಮೇಜಿನ ರಸಾಯನಶಾಸ್ತ್ರಜ್ಞನೇ. ಅವಳು ತಲೆಯೆತ್ತಿದಾಗಲೆಲ್ಲ ಅವನ ಕಣ್ಣು ಇತ್ತಲೇ ಇರುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ಕನ್ನಡಕ ಒರೆಸುವ ನಾಟಕ.

ಮನೆಯಲ್ಲಿ ಅಕ್ಕ ಎಲ್ಲ ಕೇಳಿಸಿಕೊಂಡು, "ಅಷ್ಟೊಂದು ಅನುಮಾನ ಇದ್ರೆ ಮದ್ವೆ ಆಗ್ಬಿಡು, ದಿನಾ ಕಾವಲು ಕಾಯ್ಬಹುದು" ಎಂದಳು.

ಅವಳು ನಗಲಿಲ್ಲ. ಮರುದಿನ ಹೊಸ ತಟ್ಟೆಗಳನ್ನೆಲ್ಲ ಎಂದಿನಂತೆ ಒಂದೇ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿಟ್ಟು, ಬಾಗಿಲ ಸಂದಿಗೆ ಅಡ್ಡಲಾಗಿ ತನ್ನದೊಂದು ಕೂದಲು ಅಂಟಿಸಿದಳು. ಆಮೇಲೆ ಬೇಕೆಂದೇ ಅತ್ತ ತಿರುಗಿಯೂ ನೋಡಲಿಲ್ಲ.

ವಾರದ ಕೊನೆಗೆ ಹೋದರೆ ಕೂದಲು ಇರಲಿಲ್ಲ. ಒಳಗೆ ಒಂದು ಬರೀ ತಟ್ಟೆ ಕಾಣೆ. ಉಳಿದವುಗಳಲ್ಲಿ ಈ ಸಲವೂ ಬೂಷ್ಟಿಲ್ಲ.

ನೇರ ಅವನ ಮೇಜಿಗೆ ಹೋದಳು. "ಬಾಗಿಲು ತೆಗೆದಿದ್ದು ನೀವೇ ತಾನೇ?"

"ಹೌದು." ಈ ಸಲ ಅವನು ಕನ್ನಡಕ ಒರೆಸಲಿಲ್ಲ. ಡ್ರಾಯರಿನಿಂದ ಕಾಣೆಯಾದ ತಟ್ಟೆ ತೆಗೆದಿಟ್ಟ. ಅಂಚಿನವರೆಗೂ ಬೂದು ಬೂಷ್ಟು.

"ಒಳಗಿದ್ದವು ಬೆಳೀಲಿಲ್ಲ, ಹೊರಗೆ ತಂದಿದ್ದು ಬೆಳೀತು. ಲವಂಗದ ಆವಿನೇ ಸಾಕು ಮೇಡಂ. ಎಣ್ಣೆ ತಾಗಬೇಕಾಗೇ ಇಲ್ಲ."

ಅವಳು ಕುರ್ಚಿ ಎಳೆದು ಕೂತಳು. ಮುಚ್ಚಿದ ಪೆಟ್ಟಿಗೆಯಲ್ಲಿ ಎರಡನ್ನೂ ಒಟ್ಟಿಗಿಟ್ಟವಳು ತಾನೇ. ಒಂದು ತಟ್ಟೆ ಪುರಾವೆಯಾಗದು. ಆದರೆ ಮುಖ್ಯಸ್ಥರ ಹತ್ತಿರ ಇನ್ನಷ್ಟು ಸಮಯ ಕೇಳಲು ಸಾಕು.

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದಳು.

"ತಟ್ಟೆ ತೋರಿಸದೆ ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಈಗಲೂ ಒಂದು ಅನುಮಾನ ಉಳಿದಿತ್ತು. "ಕೂದಲು ಎಲ್ಲಿ?"

ಅವನ ಕಿವಿ ಕೆಂಪಾಯಿತು. ಅಂಗಿಜೇಬಿನಿಂದ ಫಿಲ್ಟರ್ ಪೇಪರಿನ ಪುಟ್ಟ ಪೊಟ್ಟಣ ಹೊರಬಂತು. "ವಾಪಸ್ ಅಂಟಿಸೋಣ ಅಂತಾನೇ ಇದ್ದೆ. ಮನಸ್ಸು ಬರಲಿಲ್ಲ."

ಅವಳು ಪೊಟ್ಟಣ ಬಿಚ್ಚಿ, ಬೆಳಕಿಗೆ ಹಿಡಿದು, ತನ್ನದೇ ಕೂದಲೆಂದು ಖಾತ್ರಿ ಮಾಡಿಕೊಂಡಳು. ಮತ್ತೆ ಮಡಿಸಿ ಅವನ ಜೇಬಿಗೇ ಹಾಕಿದಳು.

"ಇನ್ಮೇಲೆ ಬರೀ ತಟ್ಟೆಗಳು ನಿಮ್ಮ ಡ್ರಾಯರಿನಲ್ಲೇ ಇರಲಿ. ದಿನಾ ಬಂದು ನೋಡ್ತೀನಿ," ಎಂದಳು. "ನಂಗೆ ಅನುಮಾನ ಜಾಸ್ತಿ."